ಕಡಲಿಗೂ ಒಂದು ಪಂಚಾಂಗ

ಮಕ್ಕಳ ಪರೀಕ್ಷೆ ಮುಗಿಯುತ್ತ ಬಂದಂತೆ ಮನೆಮನೆಯಲ್ಲೂ ಒಂದೇ ಪ್ರಶ್ನೆ: ‘ಈ ಸಲ ರಜೆಗೆ ಎಲ್ಲಿಗೆ?’ ಅಜ್ಜಿಗೆ ಉಡುಪಿ ಕೃಷ್ಣನ ದರ್ಶನವಾಗಬೇಕು. ಅಪ್ಪನಿಗೆ ಖರ್ಚು ಕೈಮೀರಬಾರದು. ಅಮ್ಮನಿಗೆ ನಾಲ್ಕು ದಿನ ಒಲೆಯ ಮುಂದೆ ನಿಲ್ಲುವುದು ತಪ್ಪಿದರೆ ಸಾಕು. ಮಕ್ಕಳಿಗಂತೂ ನೀರು ಬೇಕು, ಅದೂ ಎಷ್ಟು ಆಡಿದರೂ ಮುಗಿಯದಷ್ಟು. ಈ ನಾಲ್ಕೂ ಬೇಡಿಕೆ ಒಂದೇ ಕಡೆ ಈಡೇರುವ ಜಾಗವೆಂದರೆ ನಮ್ಮ ಕರಾವಳಿ. ಆದ್ದರಿಂದಲೇ ಏಪ್ರಿಲ್, ಮೇ ತಿಂಗಳಲ್ಲಿ ಬಯಲುಸೀಮೆಯ ವಾಹನಗಳೆಲ್ಲ ಘಾಟಿ ಇಳಿಯುತ್ತವೆ.

ಹೀಗೆ ಇಳಿದು ಬಂದವರು ಮಲ್ಪೆಯಲ್ಲಿ ದ್ವೀಪಕ್ಕೆ ಹೋಗುವ ಬೋಟಿನ ಬಳಿ ನಿಂತಾಗ ಕೆಲವೊಮ್ಮೆ ಒಂದು ಸಂಭಾಷಣೆ ನಡೆಯುವುದುಂಟು.

‘ಇವತ್ತು ಬೋಟು ಇಲ್ಲ ಮಾರಾಯ್ರೆ, ಕಡಲು ಸರಿ ಇಲ್ಲ.’

‘ಏನ್ರೀ, ಇಷ್ಟು ಶಾಂತವಾಗಿದೆಯಲ್ಲ! ನಾವು ಅಷ್ಟು ದೂರದಿಂದ ಬಂದಿದ್ದೇವೆ...’

‘ದೂರದಿಂದ ಬಂದದ್ದು ನಿಮಗೆ ಗೊತ್ತು ಸಾರ್, ಕಡಲಿಗೆ ಗೊತ್ತಿಲ್ಲ.’

ಬಂದವರಿಗೆ ಸಿಟ್ಟು ಬರುತ್ತದೆ. ಹೋಟೆಲಿಗೆ ಮುಂಗಡ ಕೊಟ್ಟಾಗಿದೆ, ರಜೆ ಮುಗಿಯುತ್ತ ಬಂದಿದೆ. ಆದರೆ ಬೋಟಿನವರ ಆ ಮಾತಿನ ಹಿಂದೆ ಒಂದು ಪಂಚಾಂಗವೇ ಇದೆ. ಅದು ಅಚ್ಚಾಗಿ ಗೋಡೆಗೆ ನೇತುಬಿದ್ದಿಲ್ಲ, ಅಷ್ಟೆ. ಮದುವೆ, ಮುಂಜಿಗೆ ಮುಹೂರ್ತ ನೋಡುವ ನಾವು ಕಡಲಿಗೆ ಹೋಗುವಾಗ ಮಾತ್ರ ರಜೆಯ ಪಟ್ಟಿಯನ್ನಷ್ಟೇ ನೋಡುತ್ತೇವೆ.

ಕಂಬ ನಿಂತ ದ್ವೀಪ

ಉಡುಪಿಯಿಂದ ಮಲ್ಪೆಗೆ ಐದಾರು ಕಿಲೋಮೀಟರ್. ಅಲ್ಲಿಂದ ಬೋಟು ಹತ್ತಿದರೆ ಸುಮಾರು ಅರ್ಧ ಗಂಟೆಯಲ್ಲಿ ಸೇಂಟ್ ಮೇರೀಸ್ ದ್ವೀಪ. ಊರವರ ಬಾಯಲ್ಲಿ ಇದು ತೋನ್ಸೆಪಾರ್. ತೆಂಗಿನ ಮರಗಳಿರುವುದರಿಂದ ತೆಂಗಿನ ದ್ವೀಪ ಎಂದೂ ಹೆಸರಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಮೇರಿ ಮಾತೆಯ ಹೆಸರಿಟ್ಟನೆಂಬ ಪ್ರತೀತಿಯುಂಟು. ನಿಜವಾಗಿ ಇದು ಒಂದೇ ದ್ವೀಪವಲ್ಲ, ಸಣ್ಣ ದ್ವೀಪಗಳ ಒಂದು ಸಾಲು. ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪದ ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ನೂರು ಮೀಟರಿನಷ್ಟು. ಅಲ್ಲಿ ಜನವಸತಿ ಇಲ್ಲ.

ಈ ಪುಟ್ಟ ದ್ವೀಪದಲ್ಲಿ ನೋಡಬೇಕಾದದ್ದು ಕಲ್ಲು. ಯಾರೋ ಶಿಲ್ಪಿ ಅಳತೆ ಹಿಡಿದು ಕೆತ್ತಿ, ಒಂದರ ಪಕ್ಕ ಒಂದನ್ನು ಜೋಡಿಸಿಟ್ಟಂತೆ ಐದು, ಆರು ಮುಖಗಳ ಕಂಬಗಳು. ಕೆಲವು ನೆಟ್ಟಗೆ ನಿಂತಿವೆ, ಕೆಲವು ತುಂಡಾಗಿ ಮೆಟ್ಟಿಲಿನಂತಾಗಿವೆ. ಭೂಗರ್ಭದಿಂದ ಉಕ್ಕಿದ ಲಾವಾರಸ ತಣ್ಣಗಾಗುತ್ತ ಕುಗ್ಗಿತು. ಕೆರೆಯ ಕೆಸರು ಒಣಗಿದಾಗ ಬಿರುಕು ಬಿಡುವುದಿಲ್ಲವೆ, ಹಾಗೆ ಈ ಕಲ್ಲೂ ಬಿರುಕು ಬಿಟ್ಟಿತು. ಆ ಬಿರುಕುಗಳು ಮೇಲಿನಿಂದ ಆಳಕ್ಕೆ ಇಳಿದು ಕಂಬಗಳಾದವು. ಉತ್ತರ ಐರ್ಲೆಂಡಿನ ಕಡಲತೀರದ ಪ್ರಸಿದ್ಧ ಕಲ್ಲುಕಂಬಗಳು ಮೂಡಿದ್ದೂ ಇದೇ ರೀತಿಯಲ್ಲಿ.

ಇವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ! ಆಗ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ಬೇರೆಯಾಗುವ ಕಾಲದಲ್ಲಿ ಹರಿದ ಲಾವಾರಸವೇ ಈ ಕಂಬಗಳು ಎಂಬುದು ಭೂವಿಜ್ಞಾನಿಗಳ ನಿರ್ಣಯ. ಇದೇ ಕಾಲದ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲೂ ಇವೆ. ದಖನ್ ಪ್ರಸ್ಥಭೂಮಿಯ ಕಪ್ಪುಕಲ್ಲು ಇದಕ್ಕಿಂತ ಎರಡು ಕೋಟಿ ವರ್ಷ ಚಿಕ್ಕದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಸಾಲಿಗೆ ಸೇರಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಅದೇ ಸಾಲಿನದು. ಮಕ್ಕಳನ್ನು ಕರೆದೊಯ್ದವರು ಕಂಬದ ಮೇಲೆ ನಿಲ್ಲಿಸಿ ಫೋಟೋ ತೆಗೆಯುವ ಮುನ್ನ ಇಷ್ಟು ಕಥೆ ಹೇಳಿದರೆ, ಶಾಲೆಯ ಒಂದು ವರ್ಷದ ಭೂಗೋಳ ಪಾಠ ಅಲ್ಲೇ ಮುಗಿದೀತು.

ಆದರೆ ಕಂಬದ ಮೇಲೆ ನಿಲ್ಲಿಸುವಾಗ ಎಚ್ಚರ. ಅಲೆ ತಾಗುವ ಕಲ್ಲಿನ ಮೇಲೆ ಪಾಚಿ ಬೆಳೆದಿರುತ್ತದೆ. ಕಲ್ಲಿನ ಅಂಚಿನಲ್ಲೇ ನೀರು ಆಳವಾಗಿರುತ್ತದೆ. 2022ರ ಏಪ್ರಿಲ್ ತಿಂಗಳಲ್ಲಿ ಪ್ರವಾಸಕ್ಕೆ ಬಂದಿದ್ದ ಕೇರಳದ ಮೂವರು ವಿದ್ಯಾರ್ಥಿಗಳು ಈ ದ್ವೀಪದಲ್ಲೇ ನೀರುಪಾಲಾದರು. ಅದು ಮಳೆಗಾಲವಾಗಿರಲಿಲ್ಲ, ಬೋಟುಗಳು ಓಡಾಡುವ ಕಾಲವೇ ಆಗಿತ್ತು.

ಪಂಚಾಂಗದ ಮೊದಲ ಪುಟ: ಋತು

ಕಡಲ ಪಂಚಾಂಗದಲ್ಲಿ ವರ್ಷಕ್ಕೆ ಎರಡೇ ಕಾಲ: ಬಾಗಿಲು ತೆರೆದ ಕಾಲ, ಬಾಗಿಲು ಮುಚ್ಚಿದ ಕಾಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮೊಟ್ಟೆಯಿಡುವ ಸಮಯ ಎಂಬುದು ಒಂದು ಕಾರಣ. ನೈಋತ್ಯ ಮುಂಗಾರಿನ ಕಡಲು ಯಾರ ಮಾತನ್ನೂ ಕೇಳುವುದಿಲ್ಲ ಎಂಬುದು ಇನ್ನೊಂದು. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಮೀನುಗಾರರು ಬಲೆ ಹೆಣೆಯುತ್ತ, ಎಂಜಿನ್ ರಿಪೇರಿ ಮಾಡಿಸುತ್ತ ದಿನ ನೂಕುತ್ತಾರೆ. ನಾಡದೋಣಿಯವರು ಮಾತ್ರ ಕಡಲು ಸ್ವಲ್ಪ ತಗ್ಗಿದ ದಿನ ನೋಡಿ ದಡದ ಸಮೀಪದಲ್ಲೇ ಬಲೆ ಬೀಸುತ್ತಾರೆ.

ಶ್ರಾವಣದ ನೂಲಹುಣ್ಣಿಮೆಯಂದು ಮೊಗವೀರರು ಕಡಲಿಗೆ ಹಾಲೆರೆದು, ತೆಂಗಿನಕಾಯಿ, ಹೂವು ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ‘ನಾವು ಬರುತ್ತಿದ್ದೇವೆ, ನಮ್ಮನ್ನು ಕಾಯಿ’ ಎಂಬ ಪ್ರಾರ್ಥನೆ ಅದು. ತಲೆತಲಾಂತರದಿಂದ ಕಡಲಲ್ಲೇ ಬದುಕಿದವರು ಒಪ್ಪಿಗೆ ಕೇಳಿ ಹೊರಡುತ್ತಾರೆ. ವರ್ಷಕ್ಕೊಮ್ಮೆ ಬರುವವರು ಚಪ್ಪಲಿ ಬಿಟ್ಟು ಸೀದಾ ನೀರಿಗೆ ಓಡುತ್ತಾರೆ!

ಸೇಂಟ್ ಮೇರೀಸ್ ದ್ವೀಪದ ಬೋಟುಗಳೂ ಸಾಮಾನ್ಯವಾಗಿ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ನಿಲ್ಲುತ್ತವೆ. ಮತ್ತೆ ಆರಂಭವಾಗುವುದು ಆಯಾ ವರ್ಷದ ಮಳೆ, ಗಾಳಿ ನೋಡಿ ಜಿಲ್ಲಾಡಳಿತ ಅನುಮತಿ ಕೊಟ್ಟ ಮೇಲೆ. ಎಲ್ಲಕ್ಕಿಂತ ಒಳ್ಳೆಯ ತಿಂಗಳುಗಳೆಂದರೆ ನವೆಂಬರಿನಿಂದ ಫೆಬ್ರುವರಿ. ಸೆಕೆ ಕಡಿಮೆ, ನೀರು ತಿಳಿ, ಅಲೆಯೂ ಸೌಮ್ಯ.

ಬೇಸಿಗೆ ರಜೆಯವರಿಗೆ ಇದು ಸಿಹಿಸುದ್ದಿಯಲ್ಲ. ಏಪ್ರಿಲ್, ಮೇ ತಿಂಗಳ ಕಡಲು ನೋಡಲು ಶಾಂತ, ಆದರೆ ಒಳಗೆ ಬೇರೆಯೇ ಲೆಕ್ಕ ನಡೆಯುತ್ತಿರುತ್ತದೆ. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ಎದ್ದರೆ ಅದರ ಅಲೆಗಳು ದಿನಗಟ್ಟಲೆ ಪಯಣಿಸಿ ನಮ್ಮ ದಡಕ್ಕೆ ಬಂದು ಅಪ್ಪಳಿಸುತ್ತವೆ. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಆದರೂ ಕಡಲು ಥಟ್ಟನೆ ಮೇಲೇರುತ್ತದೆ. ಕೇರಳದ ಮೀನುಗಾರರು ಇದಕ್ಕೆ ಕಳ್ಳಕಡಲು ಎಂದು ಹೆಸರಿಟ್ಟಿದ್ದಾರೆ. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು! ಈಗ ವಿಜ್ಞಾನಿಗಳೂ ಇದೇ ಹೆಸರನ್ನು ಬಳಸುತ್ತಾರೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವಾ ಕೇಂದ್ರ ಇಂಥ ಅಲೆಗಳ ಬಗ್ಗೆ ಮುನ್ನೆಚ್ಚರಿಕೆ ಕೊಡುತ್ತದೆ. ಬಿಸಿಲು ಹೊಳೆಯುವಾಗ ‘ಕಡಲಿಗೆ ಇಳಿಯಬೇಡಿ’ ಎಂಬ ಪ್ರಕಟಣೆ ಕಂಡರೆ ನಗಬೇಡಿ, ಕಾರಣ ಇದೇ ಇದ್ದೀತು.

ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಹುಟ್ಟುವುದೂ ಹೆಚ್ಚಾಗಿ ಮುಂಗಾರಿಗೆ ಮುಂಚೆ ಮತ್ತು ಮುಂಗಾರಿನ ನಂತರ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗ ಎಷ್ಟೋ ಕಡೆ ಕಡಲು ರಸ್ತೆಗೆ ನುಗ್ಗಿತು. 2022ರ ಮೇ ತಿಂಗಳಲ್ಲಿ ಮಲ್ಪೆಯ ಕಡಲತೀರದಲ್ಲಿ ಸಂಭ್ರಮದಿಂದ ಉದ್ಘಾಟನೆಯಾದ ತೇಲುವ ಸೇತುವೆ, ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಸಿಕ್ಕಿ ಬಿಚ್ಚಿಹೋಯಿತು. ಮುಹೂರ್ತ ಇಟ್ಟವರು ಕಡಲ ಪಂಚಾಂಗ ನೋಡಿರಲಿಲ್ಲ ಎನ್ನಬೇಕು.

ಎರಡನೆಯ ಪುಟ: ತಿಥಿ ಮತ್ತು ಗಳಿಗೆ

ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇವತ್ತು ಉಬ್ಬರ ಬಂದ ಹೊತ್ತಿಗಿಂತ ನಾಳೆಯದು ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಬೀಳುವುದರಿಂದ ಉಬ್ಬರ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಸುತ್ತಮುತ್ತ ಎರಡೂ ಸಣ್ಣವು. ಇಳಿತದ ಹೊತ್ತಿನಲ್ಲಿ ಬಂಡೆಯಿಂದ ಬಂಡೆಗೆ ದಾಟಿ ಹೋಗಿ ಹರಟುತ್ತ ಕುಳಿತವರಿಗೆ, ಹಿಂತಿರುಗುವಾಗ ದಾರಿಯೇ ಇಲ್ಲವಾಗುವುದು ಹೀಗೆ.

ಗಾಳಿಗೂ ಗಳಿಗೆಯಿದೆ. ರಾತ್ರಿಯಿಡೀ ನೆಲದಿಂದ ಕಡಲಿಗೆ ಬೀಸುವ ಗಾಳಿ ಬೆಳಗಿನವರೆಗೂ ಇರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ, ನೀರು ಕದಡಿ ಅಲೆ ಏಳುತ್ತದೆ. ಆದ್ದರಿಂದ ದ್ವೀಪಕ್ಕೆ ಹೋಗುವುದಿದ್ದರೆ ಬೆಳಗಿನ ಬೋಟೇ ಒಳ್ಳೆಯದು. ‘ಊಟ ಮುಗಿಸಿ ನಿಧಾನಕ್ಕೆ ಹೋಗೋಣ’ ಎನ್ನುವವರಿಗೆ ಹೊಟ್ಟೆ ತೊಳಸುವುದು ಖಂಡಿತ.

ಇನ್ನು ದಡದ ಸೆಳೆತ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕಲ್ಲ? ಅದು ಎಲ್ಲ ಕಡೆಯೂ ಸಮವಾಗಿ ಹೋಗುವುದಿಲ್ಲ. ಮರಳು ತಗ್ಗಾದ ಕಡೆ ಕಾಲುವೆ ಮಾಡಿಕೊಂಡು ರಭಸದಿಂದ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಕಡಿಮೆ, ನೀರಿನ ಬಣ್ಣ ಸ್ವಲ್ಪ ಗಾಢ. ಎರಡು ಬದಿಯಲ್ಲಿ ಅಲೆಯ ಅಬ್ಬರ, ನಡುವೆ ಶಾಂತವಾದ ನೀರು. ಹೊಸಬರು ‘ಇಲ್ಲಿ ಅಲೆಯಿಲ್ಲ, ಮಕ್ಕಳು ಆಡಲಿ’ ಎಂದು ಆರಿಸಿಕೊಳ್ಳುವುದು ಸರಿಯಾಗಿ ಆ ಜಾಗವನ್ನೇ! ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಎದುರೀಜಿ ಸುಸ್ತಾಗುತ್ತಾರೆ. ಎದುರೀಜಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದರೆ ಸೆಳೆತದ ಅಗಲ ಮುಗಿಯುತ್ತದೆ, ಆಮೇಲೆ ಅಲೆಯೇ ದಡಕ್ಕೆ ತರುತ್ತದೆ. ಈಜು ಬಾರದವರು ತೇಲುತ್ತ ಕೈಯೆತ್ತಿ ಕೂಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜೀವರಕ್ಷಕರು ಕೆಂಪು ಬಾವುಟ ನೆಟ್ಟ ಕಡೆ ಇಳಿಯಲೇಬಾರದು.

ಮುರ್ಡೇಶ್ವರದಿಂದ ಕಾರವಾರಕ್ಕೆ

ಉಡುಪಿಯಿಂದ ಉತ್ತರಕ್ಕೆ ಹೆದ್ದಾರಿಯಲ್ಲಿ ಸಾಗಿದರೆ ಮರವಂತೆ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ, ನಡುವೆ ರಸ್ತೆ. ಇನ್ನೂ ಮುಂದೆ ಮುರ್ಡೇಶ್ವರ. ಮೂರು ಕಡೆ ನೀರು ಸುತ್ತುವರಿದ ಕಂದುಕಗಿರಿಯ ಮೇಲೆ 123 ಅಡಿ ಎತ್ತರದ ಶಿವ ಕುಳಿತಿದ್ದಾನೆ. ಎದುರಿಗೆ 20 ಅಂತಸ್ತಿನ ರಾಜಗೋಪುರ. ಲಿಫ್ಟಿನಲ್ಲಿ ಮೇಲೇರಿದರೆ ಕಡಲು, ದೋಣಿ, ತೆಂಗಿನ ತೋಟ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ.

ಮುರ್ಡೇಶ್ವರದಿಂದ ಸುಮಾರು 20 ಕಿಲೋಮೀಟರ್ ದೂರದ ಕಡಲಲ್ಲಿದೆ ನೇತ್ರಾಣಿ ದ್ವೀಪ. ಹಿಂದಿನ ನಕ್ಷೆಗಳಲ್ಲಿ ಇದು ಪಾರಿವಾಳ ದ್ವೀಪ. ಸುತ್ತಲಿನ ನೀರಿನೊಳಗೆ ಹವಳ, ಬಣ್ಣಬಣ್ಣದ ಮೀನುಗಳ ಲೋಕವೇ ಇದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಧುಮುಕುವ ಸ್ಕೂಬಾ ಆಟಕ್ಕೆ ಇದು ಹೆಸರುವಾಸಿ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದಗುಡಿ’ಯಲ್ಲಿ ಈ ನೀರಿನೊಳಗಿನ ದೃಶ್ಯಗಳನ್ನು ಕಂಡ ಮೇಲೆ, ಕಡಲು ಕಾಣದ ಊರಿನವರಿಗೂ ನೇತ್ರಾಣಿಯ ಹೆಸರು ಪರಿಚಿತವಾಯಿತು. ಇಲ್ಲಿಗೂ ಅದೇ ಪಂಚಾಂಗ: ಮಳೆಗಾಲದಲ್ಲಿ ಬಾಗಿಲು ಬಂದ್.

ಇದೇ ಮುರ್ಡೇಶ್ವರದ ತೀರದಲ್ಲಿ 2024ರ ಡಿಸೆಂಬರ್ 10ರಂದು, ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರನ್ನು ಅಲೆ ಎಳೆದೊಯ್ದಿತು. ಕೋಲಾರದ ಕೆರೆ ಕಂಡ ಮಕ್ಕಳು ಅವರು. ಕೆರೆಯ ನೀರು ಇದ್ದಲ್ಲಿ ಇರುತ್ತದೆ, ಕಡಲ ನೀರು ಇರುವುದಿಲ್ಲ. ಋತು ಒಳ್ಳೆಯದಿದ್ದರೂ ಗಳಿಗೆ ಮತ್ತು ಜಾಗ ಹೇಳಿಕೊಡುವವರು ಜೊತೆಗಿರಬೇಕು. ಶಾಲೆಯಿಂದ ಮಕ್ಕಳನ್ನು ಕರೆತರುವವರು ಬಸ್ಸು, ಊಟ, ವಸತಿಯ ಜೊತೆಗೆ ಇದನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಬೇಕು.

ಮುಂದೆ ಹೊನ್ನಾವರ. ಶರಾವತಿ ಕಡಲು ಸೇರುವ ಅಳಿವೆ, ಅದರ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಸೇತುವೆ. ಪಕ್ಕದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಸ್ವಚ್ಛತೆ ಮತ್ತು ಸುರಕ್ಷತೆಗಾಗಿ ಅಂತಾರಾಷ್ಟ್ರೀಯ ನೀಲಿ ಬಾವುಟದ ಮನ್ನಣೆ ಸಿಕ್ಕಿತು. ಅದೇ ವರ್ಷ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ಸಿಕ್ಕಿತ್ತು. ಪುಟ್ಟ ಮಕ್ಕಳಿರುವ ಕುಟುಂಬಗಳಿಗೆ ಇಂಥ ತೀರಗಳೇ ವಾಸಿ.

ಕೊನೆಗೆ ಕಾರವಾರ. 1883ರಲ್ಲಿ 22ರ ಹರೆಯದ ರವೀಂದ್ರನಾಥ ಟ್ಯಾಗೋರರು, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಹುಟ್ಟಿದ್ದು ಈ ಊರಿನಲ್ಲಿ. ಕಡಲತೀರಕ್ಕೆ ಅವರದೇ ಹೆಸರಿದೆ. ತೀರದಲ್ಲಿ ನಿಂತು ನೋಡಿದರೆ ನೀರಿನಲ್ಲಿ ಬೆನ್ನು ತೋರಿಸಿ ಮಲಗಿದ ಆಮೆಗಳಂತೆ ದ್ವೀಪಗಳು. ಅವುಗಳಲ್ಲಿ ಕೂರ್ಮಗಡದ ಹೆಸರೇ ಆಮೆಯದು. ಪುಷ್ಯ ಹುಣ್ಣಿಮೆಯಂದು ಅಲ್ಲಿ ನರಸಿಂಹ ದೇವರ ಜಾತ್ರೆ. ದೋಣಿಗಳಲ್ಲಿ ಜನ ಹರಿದುಬರುತ್ತಾರೆ.

2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಜನವರಿ ತಿಂಗಳು, ಒಳ್ಳೆಯ ಋತು, ದಡವೂ ದೂರವಿರಲಿಲ್ಲ. ದೋಣಿಗೆ ಎಷ್ಟು ಜನ, ಮೈಮೇಲೆ ಜೀವರಕ್ಷಕ ಅಂಗಿ ಇದೆಯೇ, ಇಲ್ಲವೇ ಎಂಬುದು ಕೂಡ ಈ ಪಂಚಾಂಗದ ಒಂದು ಅಂಗ. ‘ಬಿಸಿಲು, ಸೆಕೆ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ’ ಎಂದು ಆ ಅಂಗಿಯನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಳ್ಳುವವರನ್ನು ಪ್ರತಿ ಬೋಟಿನಲ್ಲೂ ಕಾಣಬಹುದು.

ಬೇಡ ಎನ್ನುವವರ ಮಾತು

ಪಂಚಾಂಗ ಬಲ್ಲವರಿಗೂ ಕಡಲು ರಿಯಾಯಿತಿ ಕೊಡುವುದಿಲ್ಲ. 2018ರ ಡಿಸೆಂಬರಿನಲ್ಲಿ ಏಳು ಮೀನುಗಾರರೊಂದಿಗೆ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಮರಳಿ ಬರಲಿಲ್ಲ. 2019ರ ಮೇ ತಿಂಗಳಲ್ಲಿ ಅದರ ಅವಶೇಷ ಸಿಕ್ಕಿದ್ದು ಮಹಾರಾಷ್ಟ್ರದ ಮಾಲ್ವಣದಾಚೆಯ ಸಮುದ್ರದ ತಳದಲ್ಲಿ. ಆ ಏಳು ಮನೆಗಳ ಕಾಯುವಿಕೆಯನ್ನು ಕರಾವಳಿ ಮರೆತಿಲ್ಲ. ಕಡಲೆಂದರೆ ಇಲ್ಲಿಯವರಿಗೆ ಅನ್ನ, ಜೊತೆಗೆ ಆತಂಕ. ಪ್ರವಾಸಿಗೆ ಮಾತ್ರ ಅದು ಬರಿಯ ಆಟ.

ಆದ್ದರಿಂದ ಬೋಟಿನವರ ‘ಇವತ್ತು ಬೇಡ’ ಎಂಬ ಮಾತಿನ ಬೆಲೆ ಅರಿಯಬೇಕು. ವರ್ಷದ 12 ತಿಂಗಳಲ್ಲಿ ಅವರ ದುಡಿಮೆ ಎಂಟು ತಿಂಗಳು. ಅದರಲ್ಲೂ ರಜೆಯ ದಿನಗಳೇ ಮುಖ್ಯ. ಕೈಯಲ್ಲಿ ಹಣ ಹಿಡಿದು ನಿಂತ ಗಿರಾಕಿಯನ್ನು ವಾಪಸು ಕಳಿಸಿದರೆ ಆ ದಿನದ ಡೀಸೆಲ್, ಬೋಟಿನ ಸಾಲ, ಮನೆಯ ಖರ್ಚು ಎಲ್ಲಕ್ಕೂ ಪೆಟ್ಟು. ತನಗೆ ನಷ್ಟವಾದರೂ ಸರಿ ಎಂದು ಬೇಡವೆನ್ನುವವರ ಮಾತಿಗಿಂತ ನಂಬಿಕೆಗೆ ಅರ್ಹವಾದ ಮಾತು ಇನ್ಯಾವುದು? ಹೆಚ್ಚು ಹಣದ ಆಸೆ ತೋರಿಸಿ ಆ ಮಾತನ್ನು ಕೆಡಿಸಬಾರದು. ‘ಪರವಾಗಿಲ್ಲ, ಹತ್ತಿ’ ಎನ್ನುವವರು ಯಾರಾದರೂ ಸಿಕ್ಕಿದರೆ ಅಲ್ಲಿ ಮಾತ್ರ ಎರಡು ಸಲ ಯೋಚಿಸಬೇಕು.

ಬೋಟಿಲ್ಲದ ದಿನ ಮಾಡಲು ಕೆಲಸವೇ ಇಲ್ಲವೆಂದೇನೂ ಇಲ್ಲ. ಮಲ್ಪೆ ಬಂದರಿನಲ್ಲಿ ಮೀನು ಹರಾಜಿನ ಗದ್ದಲ ನೋಡಬಹುದು. ಉಡುಪಿಯ ಕೃಷ್ಣನ ವಿಗ್ರಹವನ್ನು ಮಧ್ವಾಚಾರ್ಯರು ಪಡೆದದ್ದು ಇದೇ ತೀರದಲ್ಲಿ ಎಂಬ ಐತಿಹ್ಯವಿದೆ. ಹಾಗಾಗಿ ವಡಭಾಂಡೇಶ್ವರದ ಬಲರಾಮನನ್ನು ನೋಡಿ ಬಂದರೆ ಅಜ್ಜಿಗೂ ತೃಪ್ತಿ. ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ಹತ್ತಿರದ ಮಟ್ಟು ಗ್ರಾಮದ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ, ಅದರ ಹುಳಿ ಉಣ್ಣದೆ ಬರಬಾರದು. ಮೀನು ತಿನ್ನುವವರಿಗೆ ಬಂಗುಡೆ, ತಿನ್ನದವರಿಗೆ ನೀರ್‌ದೋಸೆ, ಗೋಳಿಬಜೆ. ಮಳೆಗಾಲದಲ್ಲೇ ಹೋಗುವುದಾದರೆ ಕಡಲು ನೋಡಲು ಮಾತ್ರ, ಮುಟ್ಟಲು ಅಲ್ಲ ಎಂದು ಮನೆಯಲ್ಲೇ ತೀರ್ಮಾನಿಸಿ ಹೊರಡುವುದು ಒಳ್ಳೆಯದು. ದೂರ ನಿಂತು ನೋಡುವುದಾದರೆ ಆಷಾಢದ ಕಡಲಿನಷ್ಟು ಭವ್ಯವಾದದ್ದು ಬೇರೆ ಇಲ್ಲ.

ಹೋಗುವವರು ಬೆಂಗಳೂರಿನಿಂದ ರಾತ್ರಿ ಬಸ್ಸು ಅಥವಾ ರೈಲು ಹಿಡಿದರೆ ಬೆಳಗಾಗುವಾಗ ಕರಾವಳಿಯಲ್ಲಿರಬಹುದು. ಉಡುಪಿ, ಮುರ್ಡೇಶ್ವರ, ಹೊನ್ನಾವರ, ಕಾರವಾರ ಎಲ್ಲಕ್ಕೂ ಕೊಂಕಣ ರೈಲ್ವೆಯ ನಿಲ್ದಾಣಗಳಿವೆ. ದ್ವೀಪಕ್ಕೆಂದು ಒಂದೇ ದಿನ ಇಟ್ಟುಕೊಳ್ಳದೆ, ಕೈಯಲ್ಲಿ ಇನ್ನೊಂದು ದಿನ ಮಿಗಿಸಿಕೊಂಡಿರಬೇಕು. ತಿಂಡಿಯ ಪೊಟ್ಟಣ, ನೀರಿನ ಬಾಟಲಿ ಒಯ್ದರೆ ಅವೂ ಅದೇ ಬೋಟಿನಲ್ಲಿ ಹಿಂತಿರುಗಬೇಕು.

ಇಷ್ಟೆಲ್ಲ ಮಾಡಿಯೂ ಆ ದಿನ ಬೋಟು ಹೊರಡದಿದ್ದರೆ ಬೇಸರ ಬೇಡ. 8.8 ಕೋಟಿ ವರ್ಷಗಳಿಂದ ನಿಂತಿರುವ ಕಲ್ಲುಗಳು ಮುಂದಿನ ರಜೆಯವರೆಗೂ ಅಲ್ಲೇ ಇರುತ್ತವೆ. ನೋಡಲು ನಾವಿರಬೇಕು, ಅಷ್ಟೆ.